ಮೂರನೆಯ ಗಂಟು

ನಾನೊಂದು ಟವೆಲ್ಲು. ಹುಟ್ಟಿದ್ದು ಮೈ ಒರೆಸುವುದಕ್ಕೆ. ಬದುಕಿದ್ದು ಮಾತ್ರ ಹೆದರಿಕೊಂಡೇ. ಧೈರ್ಯದ ಕತೆ ಬೇಕಾದವರು ಪಕ್ಕದ ಮೊಳೆಗೆ ನೇತುಬಿದ್ದಿರುವ ಗ್ಲೌಸುಗಳನ್ನು ಕೇಳಿಕೊಳ್ಳಬಹುದು. ಅವು ಹೊಡೆದದ್ದನ್ನು ಹೇಳುತ್ತವೆ. ಒರೆಸಿದ್ದೇನೆಂಬುದು ನನಗೆ ಗೊತ್ತು.

ಸೊಲ್ಲಾಪುರದ ಒಂದು ಇಕ್ಕಟ್ಟಾದ ಓಣಿಯಲ್ಲಿ, ಕಿವಿ ಗಡಚಿಕ್ಕುವ ಮಗ್ಗದ ಮೇಲೆ ನಾನು ಹುಟ್ಟಿದೆ. ಬಿಳಿ ಮೈ, ಎರಡೂ ತುದಿಗೆ ಕೆಂಪು ಪಟ್ಟಿ. ಇನ್ನೂ ಅರ್ಧ ನೇಯ್ದಿರುವಾಗ ನೂಲು ಹರಿಯಿತು. ನೇಕಾರ ಬೀಡಿಯನ್ನು ತುಟಿಯ ಮೂಲೆಗೆ ಸರಿಸಿ, ಹರಿದ ಎರಡು ತುದಿಗಳನ್ನು ಹಿಡಿದು, ನೋಡನೋಡುತ್ತಿದ್ದಂತೆ ಗಂಟು ಹಾಕಿದ. ಅದು ನನ್ನ ಬಾಳಿನ ಮೊದಲ ಗಂಟು. ಅದಕ್ಕೆ ನಾನು ಹೆದರಿರಲಿಲ್ಲ, ಏಕೆಂದರೆ ಗಂಟು ಅಂದರೇನೆಂದು ಆಗ ನನಗೆ ತಿಳಿದಿರಲಿಲ್ಲ.

ಅಲ್ಲಿಂದ ಹುಬ್ಬಳ್ಳಿಗೆ ಬಂದು ದುರ್ಗದ ಬೈಲಿನ ಅಂಗಡಿಯೊಂದರಲ್ಲಿ ಕೂತೆ. ಒಂದು ದಿನ ಮೂಗಿನ ಮೂಳೆ ಒಂದು ಕಡೆಗೆ ವಾಲಿದ್ದ ಹಿರಿಯರೊಬ್ಬರು ಬಂದರು. ನನ್ನನ್ನು ಮಡಿಕೆ ಬಿಚ್ಚಿಸಿ, ಮುದ್ದೆ ಮಾಡಿ, ಮೇಲಕ್ಕೆ ತೂರಿ, ಬೀಳುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

"ಒರಸಿ ನೋಡೋರ್ನ ಕಂಡೇನಿ, ತೂರಿ ನೋಡೋರ್ನ ಇವತ್ತ ಕಂಡೆ ನೋಡ್ರಿ."

"ನಮ್ಮ ಕೆಲಸಾನ ಹಂಗ ಐತ್ರಿ," ಅಂದರು ಅವರು. "ತೂರೂ ಪ್ರಸಂಗ ಬರದಿದ್ರ ಛಲೋ."

ಅವರೇ ಸ್ಯಾಮ್ಯುಯೆಲ್ ದೊಡ್ಡಮನಿ, ಎಲ್ಲರ ಬಾಯಲ್ಲಿ ಮಾಸ್ತರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದವರು. ಕ್ವಾರ್ಟರ್ಸಿನ ಹಿಂದಿನ ಹಳೆಯ ಶೆಡ್ಡಿನಲ್ಲಿ ಸಂಜೆ ಹೊತ್ತು ಬಾಕ್ಸಿಂಗ್ ಕಲಿಸುತ್ತಿದ್ದರು. ಆಟಗಾರ ಇನ್ನು ತಡೆಯಲಾರ ಎನ್ನಿಸಿದರೆ ಅವನ ಗುರು ಟವೆಲನ್ನು ರಿಂಗಿನೊಳಕ್ಕೆ ಎಸೆಯುತ್ತಾನೆ, ಆಟ ಅಲ್ಲಿಗೆ ನಿಲ್ಲುತ್ತದೆ, ಸೋಲು ನಮ್ಮದಾಗುತ್ತದೆ. ನನ್ನನ್ನು ತಂದದ್ದು ಇದಕ್ಕೆ ಎಂದು ತಿಳಿದ ದಿನ ನನ್ನ ಎಳೆ ಎಳೆಯೂ ತಣ್ಣಗಾಯಿತು.

ಶೆಡ್ಡಿನ ಬಾಗಿಲಲ್ಲಿ ಒಂದು ಕಬ್ಬಿಣದ ಕುರ್ಚಿ ಇತ್ತು. ಅದರಲ್ಲಿ ಮಾಸ್ತರ ತಮ್ಮ ಜಯಕರ ಕೂತಿರುತ್ತಿದ್ದ. ಒಂದು ಕಾಲದಲ್ಲಿ ಅಣ್ಣನಿಗಿಂತ ದೊಡ್ಡ ಆಟಗಾರನಂತೆ. ಈಗ ಅಂಗಿಯ ಗುಂಡಿ ಒಂದರದ್ದು ಇನ್ನೊಂದಕ್ಕೆ ಹಾಕಿಕೊಂಡು, ಕೈಗಡಿಯಾರ ನೋಡುತ್ತ, ದಿನಕ್ಕೆ ನೂರು ಸಲ ಅದೇ ಮಾತು ಕೇಳುತ್ತಿದ್ದ.

"ಅಣ್ಣಾ, ನಮ್ದು ಯಾವಾಗ?"

"ಇನ್ನೂ ಹೊತ್ತೈತಿ ತಮ್ಮಾ, ಕುಂದ್ರು," ಅನ್ನುತ್ತಿದ್ದರು ಮಾಸ್ತರು.

ಇಪ್ಪತ್ತು ವರ್ಷಗಳ ಹಿಂದೆ ಜಯಕರ ಗೆಲ್ಲುತ್ತಿದ್ದ ಆಟವೊಂದರಲ್ಲಿ ತಲೆಗೆ ಪೆಟ್ಟಿನ ಮೇಲೆ ಪೆಟ್ಟು ತಿಂದ. ಮೂಲೆಯಲ್ಲಿ ನಿಂತಿದ್ದವರು ಮಾಸ್ತರೇ. ಟವೆಲ್ಲು ಹೆಗಲ ಮೇಲಿತ್ತು, ಎಸೆಯಲಿಲ್ಲ. ಆಟ ಗೆದ್ದರು. ಆ ಸಂಜೆಯಿಂದ ಜಯಕರನಿಗೆ ಆಟ ಮುಗಿದದ್ದು ಗೊತ್ತೇ ಇಲ್ಲ. ಅವನ ಬಾಯಂಚಿನ ಜೊಲ್ಲನ್ನು ಮಾಸ್ತರು ನನ್ನಿಂದ ಒರೆಸುವಾಗ ಅವರ ಕೈ ನಡುಗುವುದು ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಆ ನಡುಕ ನನಗೂ ಅಂಟಿಕೊಂಡಿತು, ಎಷ್ಟು ಸಲ ಒಗೆದರೂ ಹೋಗಲಿಲ್ಲ.

ಚಂಪಾ ಬಂದದ್ದು ಮೊಳೆಗಳ ಡಬ್ಬಿ ಹಿಡಿದುಕೊಂಡು. ಅವಳಪ್ಪ ಬಡಿಗೇರ ಕಾಳಪ್ಪ ರಿಂಗಿನ ಹಲಗೆ ಸಡಿಲಾಗಿದ್ದನ್ನು ರಿಪೇರಿ ಮಾಡಲು ಬಂದಿದ್ದ. ಹದಿನೈದರ ಹುಡುಗಿ ಎಡಗೈಯಲ್ಲಿ ಸುತ್ತಿಗೆ ಹಿಡಿದು ಒಂದೇ ಏಟಿಗೆ ಮೊಳೆ ಇಳಿಸುವುದನ್ನು ಮಾಸ್ತರು ನೋಡಿದರು. ಸಂಜೆಗೆ ಅವಳ ಕೈಗೆ ಬಾಕ್ಸಿಂಗಿನ ಪಟ್ಟಿ ಸುತ್ತುತ್ತಿದ್ದರು.

ಮಾಸ್ತರು ಅವಳಿಗೆ ಮೊದಲ ಆರು ತಿಂಗಳು ಹೊಡೆಯುವುದನ್ನೇ ಕಲಿಸಲಿಲ್ಲ. ಕಾಲು, ಕಾಲು, ಬರೀ ಕಾಲು. ಪೆಟ್ಟು ಬರುವ ಜಾಗದಲ್ಲಿ ನೀನಿರಬಾರದು, ಅಷ್ಟೇ ವಿದ್ಯೆ ಅನ್ನುತ್ತಿದ್ದರು. ಚಂಪಾ ಗೊಣಗಿಕೊಂಡೇ ಕಲಿತಳು. ಅವಳ ಮೈಯಿಂದ ಆಗ ನಾನು ಬರೀ ಬೆವರು ಒರೆಸಿದ್ದೇನೆ, ರಕ್ತ ಕಂಡಿಲ್ಲ.

ಅವರದೊಂದು ಪದ್ಧತಿಯಿತ್ತು, ಬೇರೆಲ್ಲೂ ನಾನು ಕಂಡಿಲ್ಲದ್ದು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದು, ಒಂದು ಕ್ಷಣ ಕಣ್ಣು ಖಾಲಿಯಾದದ್ದು ಕಂಡರೆ ನನ್ನ ಮೂಲೆಗೆ ಒಂದು ಗಂಟು ಹಾಕುತ್ತಿದ್ದರು. ಒಂದೇ ಆಟದಲ್ಲಿ ಮೂರು ಗಂಟಾದರೆ ನಾನು ರಿಂಗಿನೊಳಗೆ. ಆಟ ಮುಗಿದ ಮೇಲೂ ಗಂಟು ಬಿಚ್ಚುತ್ತಿರಲಿಲ್ಲ. ಒಂದು ಗಂಟಿಗೆ ಹತ್ತು ದಿನ. ಬಿಚ್ಚುವ ತನಕ ಓಟ, ಹಗ್ಗದಾಟ, ಕಾಲಿನ ಕೆಲಸ ಅಷ್ಟೇ. ಯಾರೂ ತಲೆ ಮುಟ್ಟುವಂತಿಲ್ಲ.

"ನನಗೇನೂ ಆಗಿಲ್ಲರಿ ಮಾಸ್ತರ್ರ," ಎಂದು ಚಂಪಾ ಸಿಡುಕುತ್ತಿದ್ದಳು.

"ತಲಿ ಸುಳ್ಳ ಹೇಳತೈತವಾ. ಪೆಟ್ಟ ತಿಂದದ್ದೂ ಅದ, ಆಗಿಲ್ಲ ಅನ್ನೂದೂ ಅದ. ಅದಕ ಎಣಿಕಿ ಹೊರಗಿನವರ ಕೈಯಾಗಿರಬೇಕು."

ಮೂರು ವರ್ಷದಲ್ಲಿ ಯಾವ ಆಟದಲ್ಲೂ ನನಗೆ ಎರಡು ಗಂಟಿಗಿಂತ ಹೆಚ್ಚು ಬೀಳಲಿಲ್ಲ. ಆಮೇಲೆ ದಾವಣಗೆರೆ ಬಂತು.

ರಾಜ್ಯ ಮಟ್ಟದ ಸೆಮಿಫೈನಲ್ಲು. ಎದುರಾಳಿ ಉದ್ದ ತೋಳಿನವಳು. ಮೊದಲ ಸುತ್ತಿನಲ್ಲಿ ಒಂದು ಗಂಟು, ಎರಡನೆಯದರಲ್ಲಿ ಇನ್ನೊಂದು. ಆದರೂ ಅಂಕದಲ್ಲಿ ಚಂಪಾ ಮುಂದಿದ್ದಳು. ಮೂರನೆಯ ಸುತ್ತು ಮುಗಿಯಲು ಇನ್ನು ಐವತ್ತು ಸೆಕೆಂಡು. ಕಿವಿಯ ಮೇಲೆ ಒಂದು ಬಲಗೈ ಬಿತ್ತು. ಚಂಪಾಳ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಎಲ್ಲೋ ಹೋಗಿ ಬಂದವು. ಮಾಸ್ತರ ಬೆರಳು ನನಗೆ ಮೂರನೆಯ ಗಂಟು ಹಾಕಿತು, ತೋಳು ಹಿಂದಕ್ಕೆ ಹೋಯಿತು. ಬೇಡ ಬೇಡ ಅನ್ನುವುದರೊಳಗೆ ನಾನು ಗಾಳಿಯಲ್ಲಿದ್ದೆ. ದೀಪಗಳೆಲ್ಲ ಕೆಳಗಾದವು, ಜನ ಮೇಲಾದರು. ದೊಪ್ಪೆಂದು ಚಂಪಾಳ ಪಾದದ ಹತ್ತಿರ ಬಿದ್ದೆ.

ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಹಾವು ಕಂಡವರು ಹಾಗೆ ನೋಡುತ್ತಾರೆ.

"ನಾ ಗೆಲ್ಲಾಕತ್ತಿದ್ದೆ," ಅಂದಳು ನನ್ನನ್ನೆತ್ತಿಕೊಂಡು ಕೆಳಗಿಳಿದ ಮೇಲೆ.

"ಹೌದವಾ."

"ಮತ್ತ ಯಾಕ ಒಗದ್ರಿ?"

"ಮೂರಾಗಿತ್ತು."

"ನೀವು ನನ್ನ ನೋಡಾಕತ್ತಿರಲಿಲ್ಲ ಮಾಸ್ತರ್ರ. ನನ್ನ ಜಾಗಾದಾಗ ಜಯಕರ ಕಾಕಾನ್ನ ನೋಡಾಕತ್ತಿದ್ರಿ."

ಮಾಸ್ತರು ನನ್ನನ್ನು ಪಡೆಯಲು ಕೈ ಚಾಚಿದರು. ಚಂಪಾ ಕೊಡಲಿಲ್ಲ. "ಇನ್ನ ಇದು ನಿಮ್ಮ ಕೈಯಾಗ ಬ್ಯಾಡ," ಎಂದು ನನ್ನನ್ನು ಮುದ್ದೆ ಮಾಡಿ ತನ್ನ ಚೀಲಕ್ಕೆ ತುರುಕಿ ಜಿಪ್ಪು ಎಳೆದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಾಸ್ತರು ಎಸೆದದ್ದು ತಪ್ಪೋ ಸರಿಯೋ ನನಗೆ ಈಗಲೂ ಗೊತ್ತಿಲ್ಲ. ಚಾಚಿದ ಆ ಕೈ ಹಾಗೇ ಉಳಿದದ್ದು ಮಾತ್ರ ಕಂಡಿತು.

ಚೀಲದ ಕತ್ತಲಿನಿಂದ ನಾನು ಹೊರಬಿದ್ದದ್ದು ಬೆಳಗಾವಿಯಲ್ಲಿ, ಸುಬೇದಾರ ಘೋರ್ಪಡೆಯವರ ಅಖಾಡದಲ್ಲಿ. ಸೈನ್ಯದಿಂದ ನಿವೃತ್ತರಾದವರು, ಬಿಳಿ ಮೀಸೆ, ಅರವತ್ತರ ಹತ್ತಿರ ಬಂದರೂ ಸೊಂಟ ಬಗ್ಗಿರಲಿಲ್ಲ. ನನ್ನ ಮೂರು ಗಂಟು ನೋಡಿ ಅವರು ಹುಬ್ಬು ಹಾರಿಸಿದರು.

"ಇದೇನ ಪೋರಿ? ಟವೆಲ್ಲೋ ಬುತ್ತಿಗಂಟೋ?"

ಚಂಪಾ ಗಂಟಿನ ಲೆಕ್ಕ ಹೇಳಿದಳು, ಅವರು ನಕ್ಕು ಹಲ್ಲಿನಿಂದ ಕಚ್ಚಿ ಮೂರನ್ನೂ ಬಿಚ್ಚಿದರು. ಮೂವತ್ತು ದಿನ ಇರಬೇಕಾದದ್ದು ಮೂರನೆಯ ದಿನಕ್ಕೇ ಹೋಯಿತು. ಅದೇ ಸಂಜೆ ಚಂಪಾ ರಿಂಗಿಗಿಳಿದಳು.

ಸುಬೇದಾರರು ಕೆಟ್ಟವರೆಂದು ತಿಳಿಯಬೇಡಿ. ಯಳ್ಳೂರ ಗುಡ್ಡಕ್ಕೆ ಅವಳ ಜೊತೆ ತಾವೂ ಓಡುತ್ತಿದ್ದರು. ತಮ್ಮ ಹೆಂಡತಿ ಮಾಡಿದ ಮಟನ್ ಸಾರನ್ನು ಡಬ್ಬಿಯಲ್ಲಿ ತಂದು, ಕುಡಿಯುವ ತನಕ ಎದುರಿಗೆ ನಿಲ್ಲುತ್ತಿದ್ದರು. ಅವಳಿಗೆ ಜ್ವರ ಬಂದರೆ ಹಣೆಗೆ ನನ್ನನ್ನು ಒದ್ದೆ ಮಾಡಿ ಹಾಕುತ್ತಿದ್ದವರೂ ಅವರೇ. ಆದರೆ ಅವರು ಕಲಿಸಿದ್ದು ಮಾಸ್ತರಿಗೆ ನೇರ ಉಲ್ಟಾ.

"ಸರಿದಾಡಿದ್ದ ಸಾಕು. ನಿಂದ್ರು. ಒಂದ ತಿನ್ನು, ಎರಡ ಕೊಡು."

ಚಂಪಾ ನಿಂತಳು. ಒಂದು ತಿಂದಳು, ಎರಡು ಕೊಟ್ಟಳು. ಮಾಸ್ತರು ಕೊಟ್ಟ ಕಾಲಿನ ಮೇಲೆ ಸುಬೇದಾರರ ಕೈ ಕೂತಾಗ ಅವಳನ್ನು ತಡೆಯುವವರು ಸಿಗಲಿಲ್ಲ. ರಾಜ್ಯದಲ್ಲಿ ಚಿನ್ನ. ಮರುವರ್ಷ ರಾಷ್ಟ್ರೀಯ ಚಿನ್ನ. ಪೇಪರಿನಲ್ಲಿ ಫೋಟೋ ಬಂತು, ಅವಳ ಹೆಗಲ ಮೇಲೆ ಮಡಿಕೆಯಾಗಿ ನಾನೂ ಇದ್ದೆ. ಎಲ್ಲರೂ ಹಿಗ್ಗಿದರು. ನನ್ನ ಪಾಡು ಬೇರೆ ಇತ್ತು.

ಏಕೆಂದರೆ ಆಟ ನಡೆಯುವಾಗ ನಾನು ಸುಬೇದಾರರ ಸೊಂಟದಲ್ಲಿರುತ್ತಿದ್ದೆ. ಹಿಂದೊಮ್ಮೆ ಅವರ ಸಹಾಯಕನೊಬ್ಬ ಗಾಬರಿಯಿಂದ ಟವೆಲ್ಲು ಎಸೆದು ಗೆಲ್ಲುವ ಆಟ ಸೋಲಿಸಿದ್ದನಂತೆ. ಅಂದಿನಿಂದ ಅವರು ಟವೆಲಿನ ಒಂದು ತುದಿಯನ್ನು ಬೆಲ್ಟಿಗೆ ಸುತ್ತಿ, ಸೈನ್ಯದಲ್ಲಿ ಹೇಸರಗತ್ತೆ ಕಟ್ಟಲು ಕಲಿತ ಗಂಟೊಂದನ್ನು ಬಿಗಿಯುತ್ತಿದ್ದರು. ಎಳೆದಷ್ಟೂ ಬಿಗಿಯಾಗುವ ಗಂಟು. ಇನ್ನೊಂದು ತುದಿಯಿಂದ ಮುಖ ಒರೆಸಬಹುದು, ಎಸೆಯಲಾಗದು. "ಯಾರ ಕೈಗೂ ಸಿಗಬಾರದು," ಅನ್ನುತ್ತಿದ್ದರು. ಎಸೆಯಲ್ಪಡುವ ಹೆದರಿಕೆ ನನಗೆ ಅಲ್ಲಿಗೆ ಮುಗಿಯಬೇಕಿತ್ತು. ಬದಲಿಗೆ ಇನ್ನೊಂದು ಹೆದರಿಕೆ ಶುರುವಾಯಿತು. ಪೆಟ್ಟುಗಳನ್ನು ನಾನೇ ಎಣಿಸತೊಡಗಿದೆ. ಒಂದು, ಎರಡು, ಮೂರು, ನಾಲ್ಕು. ಮೂರರ ಮುಂದೆ ಎಣಿಸಿ ನನಗೆ ಅಭ್ಯಾಸವೇ ಇರಲಿಲ್ಲ.

ಎರಡನೆಯ ರಾಷ್ಟ್ರೀಯ ಚಿನ್ನದ ದಿನ ಅದು ಆಯಿತು. ಪದಕ ಕೊರಳಲ್ಲಿತ್ತು. ಜನ ಕೈಕುಲುಕಿ ಹೋಗುತ್ತಿದ್ದರು. ಚಂಪಾ ಬೆಂಚಿನ ಮೇಲೆ ಕೂತು ನನ್ನಿಂದ ಕತ್ತು ಒರೆಸಿಕೊಂಡಳು. ಸುಬೇದಾರರ ಕಡೆ ತಿರುಗಿ ಸಹಜವಾಗಿ ಕೇಳಿದಳು.

"ಸರ್, ನಮ್ದು ಯಾವಾಗರಿ?"

ಸುಬೇದಾರರು ನಕ್ಕರು. ಗೆದ್ದ ಸೊಕ್ಕಿನ ತಮಾಷೆ ಅಂದುಕೊಂಡರು. ಸುತ್ತಲಿದ್ದವರೂ ನಕ್ಕರು. ಚಂಪಾ ಎಲ್ಲರ ಮುಖ ನೋಡಿ, ಕೊರಳಿನ ಪದಕ ಮುಟ್ಟಿಕೊಂಡು, ತಾನೂ ನಕ್ಕಳು. ನನ್ನನ್ನು ಹಿಡಿದಿದ್ದ ಅವಳ ಕೈ ಮಾತ್ರ ತಣ್ಣಗಾಗಿತ್ತು. ಹುಬ್ಬಳ್ಳಿಯ ಶೆಡ್ಡಿನ ಕಬ್ಬಿಣದ ಕುರ್ಚಿ ನನಗೆ ನೆನಪಾಯಿತು. ಅವಳಿಗೂ ಅದೇ ನೆನಪಾಗಿತ್ತೆಂದು ಆ ಕೈಯೇ ಹೇಳಿತು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನ್ನ ಮೈ ಮುದುಡುತ್ತದೆ. ಒರೆಸಿದ ಮುಖವನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿ ಕುಡಿಯಲಾರದೆ ಚೆಲ್ಲುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಏಷ್ಯಾ ಪಂದ್ಯಕ್ಕೆ ಹೋಗುವ ತಂಡದ ಆಯ್ಕೆ ಹತ್ತಿರ ಬಂದಿತ್ತು. ತಲೆನೋವು ಅಂದರೆ ಸಾಕು, ಆ ಜಾಗಕ್ಕೆ ಕಾಯುತ್ತಿದ್ದವರು ಹತ್ತು ಜನ. ಅದಕ್ಕಿಂತ ಹೆಚ್ಚಾಗಿ, ಯಾರನ್ನು ಬಿಟ್ಟು ಬಂದಳೋ ಆ ಮಾಸ್ತರ ಮಾತು ನಿಜವಾಗುತ್ತಿತ್ತು.

ಆಯ್ಕೆಗೆಂದು ಉತ್ತರ ಭಾರತದಲ್ಲಿ ನಡೆದ ಶಿಬಿರದ ಅಭ್ಯಾಸದಲ್ಲಿ ಒಂದು ದಿನ ಅವಳಿಗೆ ಕೆನ್ನೆಯ ಮೇಲೆ ಬಿತ್ತು. ಕಾಲು ನಿಂತಿತು, ಕಣ್ಣು ಹೋಯಿತು, ಬಂತು. ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ಕೋಣೆಗೆ ಬಂದು ಬಾಗಿಲ ಚಿಲಕ ಹಾಕಿ, ನನ್ನನ್ನು ತೊಡೆಯ ಮೇಲೆ ಹಾಸಿಕೊಂಡು ಬಹಳ ಹೊತ್ತು ಕೂತಳು. ಕೊನೆಗೆ ನನ್ನ ಮೂಲೆಗೆ ಚಿಕ್ಕದೊಂದು ಗಂಟು ಹಾಕಿದಳು. ನಾಲ್ಕು ದಿನಕ್ಕೆ ಎರಡನೆಯದು. ಮಾಸ್ತರ ಲೆಕ್ಕದಲ್ಲಿ ಇಪ್ಪತ್ತು ದಿನ ಅವಳ ತಲೆ ಯಾರೂ ಮುಟ್ಟಬಾರದು. ಆಯ್ಕೆಯ ಪಂದ್ಯಕ್ಕೆ ಉಳಿದದ್ದು ಆರು ದಿನ.

ಪಂದ್ಯದ ದಿನ ಸುಬೇದಾರರು ಅವಸರದಲ್ಲಿ ನನ್ನ ಗಂಟಿಲ್ಲದ ತುದಿಯನ್ನು ಬೆಲ್ಟಿಗೆ ಕಟ್ಟಿಕೊಂಡರು. ಗಂಟುಗಳಿದ್ದ ಮೂಲೆ ಕೆಳಗೆ ಮಡಿಕೆಯೊಳಗಿತ್ತು. ಎದುರಿಗೆ ಹರ್ಯಾಣದ ಹುಡುಗಿ, ಕಬ್ಬಿಣದ ಕೈ. ಮೊದಲ ಸುತ್ತು ಸಮಸಮ. ಎರಡನೆಯದರಲ್ಲಿ ಚಂಪಾ ನಿಂತು ತಿಂದಳು, ಕೊಟ್ಟದ್ದು ಕಡಿಮೆ. ತಲೆಗೆ ಹೆಲ್ಮೆಟ್ಟಿನಂಥದ್ದು ಹಾಕಿರುತ್ತಾರೆ ನಿಜ. ಅದು ಚರ್ಮ ಕಾಯುತ್ತದೆ, ಒಳಗಿನದನ್ನು ಕಾಯುವುದಿಲ್ಲ.

ವಿರಾಮದ ಒಂದು ನಿಮಿಷ. ಸ್ಟೂಲಿನ ಮೇಲೆ ಚಂಪಾ. ಸುಬೇದಾರರು ಬಗ್ಗಿ ನನ್ನ ಸಡಿಲ ತುದಿಯಿಂದ ಅವಳ ಮುಖ ಒರೆಸಿದರು. ಬೆರಳಿಗೆ ಗಂಟು ತಾಗಿತು.

"ಇದೇನ ಪೋರಿ?"

"ಎರಡರಿ."

"ಯಾರ ಹಾಕಿದ್ದು?"

"ನಾನ."

"ಯಾಕ?"

ಚಂಪಾ ನೀರು ಮುಕ್ಕಳಿಸಿ ಉಗುಳಿದಳು. "ಬಾಯಿಲೆ ಹೇಳಾಕ ಆಗಲಿಲ್ಲರಿ," ಅಂದಳು.

ಗಂಟೆ ಬಾರಿಸಿತು. ಅವಳು ಎದ್ದು ಹೋದಳು.

ಸುಬೇದಾರರ ಕೈ ಬೆವರಿದ್ದನ್ನು ನಾನು ಆವತ್ತಿನ ತನಕ ಕಂಡಿರಲಿಲ್ಲ. ಈಗ ನನ್ನ ಎರಡು ಗಂಟುಗಳನ್ನು ಹಿಡಿದ ಅವರ ಮುಷ್ಟಿ ತೊಯ್ದು ತೊಪ್ಪೆಯಾಗಿತ್ತು. "ನಿಂದ್ರು" ಎಂದು ಕೂಗುತ್ತಿದ್ದವರು ಬಾಯಿ ಬಿಡಲಿಲ್ಲ.  ಜೀವಮಾನವಿಡೀ ಎಸೆಯಬೇಡಿ ಅಂದವನೇ ನಾನು, ಈಗ ಒಳಗೊಳಗೇ ಎಸೆಯಿರಿ, ಎಸೆಯಿರಿ ಎಂದು ಅರಚುತ್ತಿದ್ದೆ.

ಕೆನ್ನೆಗೆ ಎಡಗೈ ಬಿತ್ತು. ಚಂಪಾಳ ಕಣ್ಣು ಹೋದವು. ಈ ಸಲ ಬರಲಿಲ್ಲ. ಕೈಗಳು ಇಳಿದವು. ಇದ್ದಲ್ಲೇ ಕಾಲೆತ್ತಿ ಇಡುತ್ತಿದ್ದಳು, ಮಾಸ್ತರು ಕಲಿಸಿದ ಮೊದಲ ದಿನದ ಪಾಠ ಮಾಡುವವಳ ಹಾಗೆ.

ಸುಬೇದಾರರು ನನ್ನನ್ನು ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಎಳೆದಷ್ಟೂ ಬಿಗಿಯಾಗುವ ಗಂಟಲ್ಲವೇ ಅದು? ತಮ್ಮದೇ ಗಂಟಿಗೆ ಉಗುರು ಹಾಕಿದರು, ಉಗುರು ಕಿತ್ತುಬಂತು. ಯಾರ ಕೈಗೂ ಸಿಗಬಾರದೆಂದು ಕಟ್ಟಿದ್ದು ಅವರ ಕೈಗೂ ಸಿಗಲಿಲ್ಲ. ಅಲ್ಲಿ ಇನ್ನೊಂದು ಪೆಟ್ಟಿಗೆ ಆ ಹುಡುಗಿಯ ಭುಜ ಹಿಂದಕ್ಕೆ ಹೋಗುತ್ತಿತ್ತು.

ಮುದುಕರು ಹಗ್ಗದ ನಡುವೆ ತಲೆ ತೂರಿಸಿ ರಿಂಗಿನೊಳಕ್ಕೇ ನುಗ್ಗಿಬಿಟ್ಟರು. ನಾನು ಅವರ ಸೊಂಟದಿಂದ ಜೋತುಬಿದ್ದು ನೆಲಕ್ಕೆ ಎಳೆದಾಡಿಕೊಂಡು ಹೋದೆ. ಚಂಪಾಳಿಗೆ ಬೆನ್ನಾಗಿ ನಿಂತು ಎರಡೂ ಕೈ ಅಗಲಿಸಿದರು. ಬರುತ್ತಿದ್ದ ಪೆಟ್ಟು ಅವರ ಹೆಗಲಿಗೆ ಬಿತ್ತು. ರೆಫ್ರಿ ಓಡಿ ಬಂದು ಆಟ ನಿಲ್ಲಿಸಿದ. ಗುರು ಒಳಗೆ ಬಂದ ತಪ್ಪಿಗೆ ಚಂಪಾ ಹೊರಗಾದಳು, ಆ ಹುಡುಗಿಯ ಕೈ ಮೇಲೇರಿತು.

ಸುಬೇದಾರರು ಚಂಪಾಳನ್ನು ಎದೆಗಾನಿಸಿಕೊಂಡು ಮೂಲೆಗೆ ತಂದರು. ಅವಳು ಅವರ ಮುಖವನ್ನೇ ನೋಡಿದಳು.

"ಸರ್, ನಮ್ದು ಯಾವಾಗರಿ?"

ಅವರು ಈ ಸಲ ನಗಲಿಲ್ಲ. "ಮುಗೀತ ಪೋರಿ," ಅಂದರು. "ನಮ್ದು ಮುಗೀತು." ನನ್ನ ಸಡಿಲ ತುದಿಯಿಂದ ಮೊದಲು ಅವಳ ಕಣ್ಣು ಒರೆಸಿದರು, ಆಮೇಲೆ ತಮ್ಮದು.

ತಲೆಯೊಳಗೆ ಸಣ್ಣಗೆ ರಕ್ತ ಒಸರಿದೆ, ಇನ್ನೊಂದು ಪೆಟ್ಟು ಬಿದ್ದಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಸುದ್ದಿ ತಿಳಿದು ಮಾಸ್ತರು ಎರಡು ದಿನ ರೈಲಿನಲ್ಲಿ ಕೂತು ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರು ಗುರುಗಳು, ನಡುವೆ ನಾನು. ಬೆಲ್ಟಿನ ಗಂಟನ್ನು ಕೊನೆಗೆ ಕತ್ತರಿಯಿಂದ ಕತ್ತರಿಸಿದ್ದರು, ನನ್ನ ಒಂದು ಕೆಂಪು ಪಟ್ಟಿ ಹೋಗಿತ್ತು. ಮಾಸ್ತರು ನನ್ನನ್ನೆತ್ತಿ ಬೆರಳಾಡಿಸಿದರು.

"ಇವು ನನ್ನ ಗಂಟಲ್ಲ."

"ಅಕಿನ ಹಾಕ್ಯಾಳ್ರಿ," ಅಂದರು ಸುಬೇದಾರರು. "ನಾ ತಿಳೀಲಿಲ್ಲ."

"ನಾನೂ ಒಮ್ಮೆ ತಿಳದಿರಲಿಲ್ಲರಿ," ಅಂದರು ಮಾಸ್ತರು. ಇಬ್ಬರೂ ಗಂಟು ಬಿಚ್ಚುವ ಮಾತೆತ್ತಲಿಲ್ಲ.

ಅದಾಗಿ ಹನ್ನೊಂದು ವರ್ಷ. ಮಾಸ್ತರು ಈಗ ಇಲ್ಲ. ಶೆಡ್ಡು ಚಂಪಾಳದ್ದು. ಬಾಗಿಲ ಕುರ್ಚಿಯಲ್ಲಿ ಜಯಕರ ಇನ್ನೂ ಇದ್ದಾನೆ, ಕೇಳುವುದನ್ನು ಬಿಟ್ಟಿಲ್ಲ. "ಇನ್ನೂ ಹೊತ್ತೈತಿ ಕಾಕಾ, ಕುಂದ್ರು," ಎಂದು ಚಂಪಾ ಹೇಳುತ್ತಾಳೆ. ಅವಳು ಎಲ್ಲರ ಹಾಗೆ ಓಡಾಡಿಕೊಂಡಿದ್ದಾಳೆ. ಅಂಗಡಿಗೆ ಹೋಗಿ ಏನು ತರಬೇಕೆಂದು ಮರೆತು ಬರಿಗೈಯಲ್ಲಿ ಬರುವುದುಂಟು. ಹುಡುಗಿಯರಿಗೆ ಆರು ತಿಂಗಳು ಕಾಲು ಕಲಿಸುತ್ತಾಳೆ, ಆಮೇಲೆ ನಿಂತು ಹೊಡೆಯುವುದನ್ನು. ಇಬ್ಬರ ವಿದ್ಯೆಯೂ ಅವಳ ಕೈಯಲ್ಲಿದೆ. ಎಣಿಕೆಗೆ ಮಾತ್ರ ಅವಳು ತಲೆಯನ್ನು ನಂಬುವುದಿಲ್ಲ, ನನ್ನನ್ನು ನಂಬುತ್ತಾಳೆ.

ಹೋದ ತಿಂಗಳು ಗದಗಿನಲ್ಲಿ ಮೆಹರು ಎಂಬ ಹುಡುಗಿಯ ಆಟ. ಚಂಪಾಳ ಕೈಯಲ್ಲಿ ಬೆಳೆದವರಲ್ಲಿ ಎಲ್ಲರಿಗಿಂತ ಚುರುಕಾದವಳು. ಗೆಲ್ಲುತ್ತಿದ್ದಳು. ಒಂದು ಗಂಟು, ಎರಡು ಗಂಟು. ಕೊನೆಯ ಸುತ್ತಿನಲ್ಲಿ ಮೂರನೆಯದು. ಚಂಪಾಳ ತೋಳು ಹಿಂದಕ್ಕೆ ಹೋದಾಗ ದಾವಣಗೆರೆಯದೇ ಹೆದರಿಕೆ ನನ್ನನ್ನು ಹಿಡಿಯಿತು. ನಾನು ಈಗ ಜಾಳುಜಾಳಾಗಿದ್ದೇನೆ, ತೂಕವಿಲ್ಲ. ದೂರ ಹಾರಲಾರದೆ ಹಗ್ಗದ ಪಕ್ಕದಲ್ಲೇ ಬಿದ್ದೆ. ರೆಫ್ರಿಗೆ ಅಷ್ಟು ಸಾಕಾಯಿತು.

ಮೆಹರು ನನ್ನನ್ನು ನೋಡಿದ ನೋಟವೂ ಅದೇ. ನನ್ನನ್ನು ಕಿತ್ತೆತ್ತಿಕೊಂಡು ದಡದಡ ಇಳಿದು ಬಂದಳು. ನನ್ನನ್ನು ಮುದ್ದೆ ಮಾಡುವಾಗ ಅವಳ ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತು.

"ನನ್ನ ಮೂರು ಈ ಕಡೆ ಅದಾವು," ಅಂದಳು. "ಈ ಎರಡು ಯಾರ್ವು ಅಕ್ಕಾ?"

"ನನ್ನವು."

"ಇನ್ನೂ ಬಿಚ್ಚಿಲ್ಲೇನ?"

"ಬಿಚ್ಚಾಕ ದಿನಾ ಎಣಸಬೇಕಲ," ಅಂದಳು ಚಂಪಾ. "ಯಾವ ದಿನಾ ಹಾಕಿದೆ ಅನ್ನೂದ ಮರತೇನವಾ."

 ಮೆಹರುವಿನ ಚೀಲ ಬಾಯಿ ತೆರೆದುಕೊಂಡು ಪಕ್ಕದಲ್ಲೇ ಇತ್ತು, ನಾನು ಅದನ್ನೇ ನೋಡುತ್ತಿದ್ದೆ. ಅವಳು ನನ್ನನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಚಂಪಾಳ ಹೆಗಲ ಮೇಲೆ ಹಾಕಿದಳು.

ಈಗ ನನ್ನ ಜಾಗ ಶೆಡ್ಡಿನ ಕಿಟಕಿ ಪಕ್ಕದ ಮೊಳೆ, ಕಾಳಪ್ಪ ಬಡಿದದ್ದು. ಹೊಸ ಟವೆಲ್ಲು ಬಂದಿದೆ, ದಪ್ಪನೆಯದು, ಇನ್ನೂ ಏನೂ ತಿಳಿಯದ್ದು. ಬದುಕಿನುದ್ದಕ್ಕೂ ನಾನು ಹೆದರಿದೆನೆಂದು ನನಗೆ ನಾಚಿಕೆಯಿತ್ತು. ಈಗಿಲ್ಲ. ರಿಂಗಿನೊಳಗಿದ್ದವರು ಹೆದರುವಂತಿಲ್ಲ, ಅದಕ್ಕೆ ಹೊರಗೆ ಯಾರಾದರೂ ಅವರ ಪಾಲಿನದನ್ನೂ ಹೆದರಬೇಕು. ಗದಗಿನ ಆಟಕ್ಕೆ ನಿನ್ನೆಗೆ ಮೂವತ್ತು ದಿನವಾಯಿತು. ಮೆಹರು ಗೋಡೆಯ ಕ್ಯಾಲೆಂಡರು ನೋಡಿ, ಬೆರಳು ಮಡಿಸಿ ಎಣಿಸಿ, ನನ್ನ ಹತ್ತಿರ ಬಂದು ತನ್ನ ಮೂರನೆಯ ಗಂಟನ್ನೂ ಬಿಚ್ಚಿದಳು. ಚಂಪಾಳ ಎರಡು ಹಾಗೇ ಇವೆ.